ಮೇಸ್ತ್ರಿಯ ಎದೆಯ ಚುಕ್ಕೆ

ಮೇಸ್ತ್ರಿಯ ಎರಡೂ ಮುಂಗೈ ತುಂಬ ವೆಲ್ಡಿಂಗ್ ಕಿಡಿ ಸಿಡಿದು ಆದ ಬಿಳಿ ಚುಕ್ಕೆಗಳಿದ್ದವು. ಅವುಗಳ ಚಿಂತೆ ಅವರಿಗಿರಲಿಲ್ಲ. ಅವರನ್ನು ಕಾಡಿದ್ದು ಬಲ ಎದೆಯೊಳಗೆ, ಮೇಲುಗಡೆಗಿದ್ದ ರಾಗಿಕಾಳಿನಷ್ಟು ಚುಕ್ಕೆ. ಅದನ್ನು ಅವರಷ್ಟೇ ಚೆನ್ನಾಗಿ ಬಲ್ಲವಳು ನಾನೊಬ್ಬಳು.

ಹಾಸನದ ಬಸ್ ಸ್ಟ್ಯಾಂಡಿಗೆ ಹತ್ತಿರದ ಸಣ್ಣ ಲ್ಯಾಬೊಂದರಲ್ಲಿ ನಾನು ಎಕ್ಸ್‌ರೇ ತೆಗೆಯುವವಳು. ಮೇಸ್ತ್ರಿಗೆ ಚನ್ನರಾಯಪಟ್ಟಣದ ಹೈವೇ ಪಕ್ಕ ವೆಲ್ಡಿಂಗ್ ಅಂಗಡಿಯಿತ್ತು. ಅವರ ಕೈಯಲ್ಲಿ ಕೆಲಸ ಕಲಿತ ಎಷ್ಟೋ ಜನ ಗಲ್ಫಿಗೆ ಹೋದರು. ಆ ವೀಸಾ ಸಿಗಬೇಕಾದರೆ ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಮೆಡಿಕಲ್ ಪಾಸಾಗಬೇಕು. ಎದೆಯಲ್ಲಿ ಹಳೆಯ ಕಾಯಿಲೆಯ ಕಲೆ ಕಂಡರೂ ಸಾಕು, ಅನ್‌ಫಿಟ್ ಎಂದು ಬರೆದು ಕಳಿಸಿಬಿಡುತ್ತಾರೆ. ಅಷ್ಟು ದೂರ ಹೋಗಿ ಮುಖ ಸಣ್ಣಗೆ ಮಾಡಿಕೊಂಡು ಬರುವುದಕ್ಕಿಂತ ಇಲ್ಲೇ ಒಮ್ಮೆ ನೋಡಿಬಿಡೋಣ ಎಂದು ಮೇಸ್ತ್ರಿ ಪ್ರತಿಯೊಬ್ಬನನ್ನೂ ಮೊದಲು ನಮ್ಮಲ್ಲಿಗೆ ಕರೆತರುತ್ತಿದ್ದರು.

ಆ ಬುದ್ಧಿ ಅವರಿಗೆ ಬಂದದ್ದು ಸ್ವಂತ ಪೆಟ್ಟಿನಿಂದ. ಹರೆಯದಲ್ಲಿ ಅವರಿಗೆ ಟಿಬಿ ಬಂದಿತ್ತು. ಆರು ತಿಂಗಳು ಒಂದು ದಿನವೂ ತಪ್ಪಿಸದೆ ಮಾತ್ರೆ ನುಂಗಿ ವಾಸಿ ಮಾಡಿಕೊಂಡಿದ್ದರು. ಕಾಯಿಲೆ ಹೋಯಿತು, ಕಲೆ ಉಳಿಯಿತು. ಆ ಕಲೆಯಿಂದಾಗಿ ಎರಡು ಸಲ ವೀಸಾ ಕೈತಪ್ಪಿತ್ತು.

ಕರೆತಂದವನನ್ನು ಯಂತ್ರದ ಮುಂದೆ ನಿಲ್ಲಿಸುವ ಮೊದಲು ಅವನ ಕೊರಳಿನ ದಾರ, ತಾಯಿತ ಎಲ್ಲವನ್ನೂ ಬಿಚ್ಚಿಸುತ್ತಿದ್ದರು. "ತೆಗಿಯಲಾ, ಇದ್ನೂ ಕಾಯ್ಲೆ ಅಂದ್ಕಂಡ್ಬುಟ್ಟಾರು" ಎಂದು ಗದರುತ್ತಿದ್ದರು. ಪಟ ತೆಗೆದು ಮುಗಿಯುವವರೆಗೆ ಆ ತಾಯಿತ ಅವರ ಮುಷ್ಟಿಯಲ್ಲೇ ಇರುತ್ತಿತ್ತು. ಆಮೇಲೆ ತಾವೇ ಅವನ ಕೊರಳಿಗೆ ಕಟ್ಟಿ, ಹೊರಗೆ ಕೂರಿಸಿ, ಒಳಗೆ ಬಂದು ಬಾಗಿಲು ಮುಂದಕ್ಕೆ ಎಳೆದು, ಅಂಗಿ ಗುಂಡಿ ಬಿಚ್ಚುತ್ತಾ ನನಗೆ ಹೇಳುತ್ತಿದ್ದ ಮಾತು ಒಂದೇ:

"ನಂದೂ ಒಂದು ತೆಗ್ದುಬುಡವ್ವ. ಮಾಸಿದ್ರೂ ಮಾಸಿರ್ಬೋದು."

ಮಾಸುವುದಿಲ್ಲ ಎಂದು ಮೊದಲ ವರ್ಷವೇ ಹೇಳಿದ್ದೆ. ಅವರು ಕೇಳುವ ಪೈಕಿಯವರಲ್ಲ. ಕೊನೆಗೆ ವರ್ಷಕ್ಕೊಂದೇ ಪಟ ಎಂದು ಒಪ್ಪಂದ ಮಾಡಿಕೊಂಡೆವು. ಉಸಿರು ಹಿಡಿಯಿರಿ ಎಂದರೆ, ನಾನು ಬಿಡಿ ಎಂದ ಮೇಲೂ ಹಿಡಿದೇ ನಿಂತಿರುತ್ತಿದ್ದರು. ಬೆಸುಗೆಯ ಗೆರೆ ಕೊಂಕದೆ ಬರಲಿ ಎಂದು ಉಸಿರು ಕಟ್ಟಿ ರೂಢಿಯಾದವರು.

"ಇಷ್ಟೊಂದು ಆಸೆ ಯಾಕೆ ಮೇಸ್ತ್ರಿ? ಅಂಗಡಿ ಚೆನ್ನಾಗೇ ನಡೀತಿದೆಯಲ್ಲ" ಎಂದು ಒಮ್ಮೆ ಕೇಳಿದೆ.

"ಗೇಟು, ಗ್ರಿಲ್ಲು, ಟ್ರೇಲರು ಮಾಡಿ ಮಾಡಿ ಸಾಕಾಗೈತೆ ಕಣವ್ವ. ನಾನು ಕಲ್ಸಿದ ಐಕ್ಳು ಆಳುದ್ದದ ಪೈಪಿನೊಳ್ಗೆ ನಿಂತ್ಕಂಡು ಫೋಟೋ ಕಳಿಸ್ತವೆ. ಅಂಥದೊಂದು ನನ್ ಕೈಲೂ ಬೆಸೀಬೇಕು" ಎಂದರು. ಜೇಬಿನಿಂದ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಪಾಸ್‌ಪೋರ್ಟ್ ತೆಗೆದು ತೋರಿಸಿದರು. ಅವಧಿ ಮುಗಿದು ಹೊಸದು ಮಾಡಿಸಿದ್ದರು. ಅದರಲ್ಲೂ ಒಂದು ಮುದ್ರೆ ಬಿದ್ದಿರಲಿಲ್ಲ.

ನಲವತ್ತೈದು ದಾಟಿದವರನ್ನು ಅಲ್ಲಿನ ಕಂಪನಿಗಳು ಕರೆಸಿಕೊಳ್ಳುವುದಿಲ್ಲ ಎಂದು ಏಜೆಂಟ್ ಹೇಳಿದ್ದನಂತೆ. ಅವರಿಗೆ ನಲವತ್ತನಾಲ್ಕು ತುಂಬಿದ ವರ್ಷ ಪಟ ತೆಗೆದು ಟ್ಯೂಬ್‌ಲೈಟಿಗೆ ಹಿಡಿದೆ. ಅವರು ಪಟ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು. ನನ್ನ ಬಾಯಿಂದ ಬಂದೇಬಿಟ್ಟಿತು:

"ಹೋದ ವರ್ಷಕ್ಕಿಂತ ಸ್ವಲ್ಪ ಮಾಸಿದ ಹಾಗಿದೆ ಮೇಸ್ತ್ರಿ."

ಅದು ಒಂದಿಷ್ಟೂ ಮಾಸಿರಲಿಲ್ಲ. ವರದಿ ಬರೆಯುವುದು ಡಾಕ್ಟರ್ ಕೆಲಸ, ನನ್ನದಲ್ಲ. ಸಂಜೆ ವರದಿ ಒಯ್ಯಲು ಬಂದಾಗ ಹೇಗೂ ಗೊತ್ತಾಗುತ್ತದೆ, ಅಲ್ಲಿಯ ತನಕವಾದರೂ ಖುಷಿಯಾಗಿರಲಿ ಎಂದುಕೊಂಡೆ. ಸಂಜೆ ಅವರು ಬರಲಿಲ್ಲ. ಡಾಕ್ಟರ್ ನೋಡಿಯಾದ ಪಟವನ್ನು ಸುತ್ತಿಕೊಂಡು ಮಧ್ಯಾಹ್ನವೇ ಊರ ಬಸ್ ಹತ್ತಿದ್ದರು. ವರದಿ ನನ್ನ ಡ್ರಾಯರಿನಲ್ಲಿ ಉಳಿಯಿತು. ಒಂದು ಫೋನ್ ಮಾಡಬಹುದಿತ್ತು. ನಾಳೆ ಮಾಡೋಣ, ನಾಡಿದ್ದು ಮಾಡೋಣ ಎಂದು ತಳ್ಳುತ್ತಾ ಹೋದೆ. ನಿಜ ಹೇಳಬೇಕೆಂದರೆ ಧೈರ್ಯವಾಗಲಿಲ್ಲ.

ಆರೇಳು ತಿಂಗಳಾದ ಮೇಲೆ ಇನ್ನೊಬ್ಬನನ್ನು ಕರೆದುಕೊಂಡು ಬಂದರು. ನಡೆದದ್ದನ್ನು ಆಗ ಅವರ ಬಾಯಿಂದಲೇ ಕೇಳಿದೆ. ಈ ಸಲ ವೀಸಾ ಆಗಿಯೇ ಆಗುತ್ತದೆಂದು ಅಂಗಡಿಯನ್ನು ಬಾಮೈದನಿಗೆ ಬಿಟ್ಟುಕೊಟ್ಟು ಮಂಗಳೂರಿಗೆ ಹೋಗಿದ್ದರು. ಅಲ್ಲಿ ಮತ್ತೆ ಅನ್‌ಫಿಟ್. ಬಿಟ್ಟುಕೊಟ್ಟ ಅಂಗಡಿಯನ್ನು ವಾಪಸ್ ಕೇಳಲು ಬಾಯಿ ಬರದೆ, ಅಲ್ಲೇ ಬಾಮೈದನ ಕೆಳಗೆ ಕೂಲಿಗೆ ನಿಂತಿದ್ದರು.

ನಾನು ತಲೆ ತಗ್ಗಿಸಿ, ಅವತ್ತು ಸುಳ್ಳು ಹೇಳಿದೆ ಎಂದೆ.

"ನಿನ್ ತಪ್ಪೇನೈತವ್ವ. ನಂಗೂ ಅಂಗೇ ಕಾಣಿಸ್ತು" ಎಂದರು.

ಅದರ ಬದಲು ನಾಲ್ಕು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವತ್ತಿನಿಂದ ಅವರು ನನ್ನ ಮುಂದೆ ಅಂಗಿ ಗುಂಡಿ ಬಿಚ್ಚಲಿಲ್ಲ. ಕರೆತಂದವರ ತಾಯಿತ ಹಿಡಿದುಕೊಂಡು ಬಾಗಿಲ ಹೊರಗೇ ನಿಲ್ಲುತ್ತಿದ್ದರು.

ಹೋದ ಚಳಿಗಾಲದಲ್ಲಿ ಅವರ ಹೆಂಡತಿ ಅವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಕರೆತಂದರು. ವಾರದಿಂದ ಜ್ವರ, ಮಾತಿಗೊಮ್ಮೆ ಏದುಸಿರು. ಉಸಿರು ಹಿಡಿಯಿರಿ ಎಂದೆ. ಅವರಿಂದ ಆಗಲಿಲ್ಲ. ಮೂರನೆಯ ಸಲಕ್ಕೆ ಹೇಗೋ ಪಟ ಬಂತು. ಬಲಗಡೆಯ ಎದೆಯೆಲ್ಲ ನೀರು ತುಂಬಿ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗಿತ್ತು.

"ಚುಕ್ಕೆ ಐತೇನವ್ವ?" ಎಂದು ಕೇಳಿದರು. ಅಷ್ಟು ವರ್ಷದ ಮೇಲೆ ಮತ್ತೆ ಕೇಳಿದ್ದರು.

"ಕಾಣ್ತಿಲ್ಲ ಮೇಸ್ತ್ರಿ" ಎಂದೆ. ಈ ಸಲ ನಾನು ಹೇಳಿದ್ದು ನಿಜ. ಅಷ್ಟು ಬಿಳುಪಿನೊಳಗೆ ಅದನ್ನು ಹುಡುಕಿದರೂ ಸಿಗುತ್ತಿರಲಿಲ್ಲ.

ಅವರು ಹೆಂಡತಿಯ ಕಡೆ ತಿರುಗಿ, "ನಾನೇಳಿರ್ನಿಲ್ವಾ, ಓಯ್ತದೆ ಅಂತ? ಪಾಸ್‌ಪೋರ್ಟು ಎಲ್ಲಿ ಮಡಗಿದ್ದೀಯೆ?" ಎಂದರು. ಆಕೆ ಸೆರಗು ಬಾಯಿಗೆ ಒತ್ತಿಕೊಂಡರು. ನಾಲ್ಕನೆಯ ದಿನ ಮೇಸ್ತ್ರಿ ತೀರಿಕೊಂಡರು.

ವೀಸಾದ ಮೆಡಿಕಲ್‌ಗೆ ಹೋಗುವ ಮೊದಲು ಎದೆ ನೋಡಿಸಿಕೊಳ್ಳಲು ಚನ್ನರಾಯಪಟ್ಟಣದ ಕಡೆಯವರು ಈಗಲೂ ನಮ್ಮಲ್ಲಿಗೆ ಬರುತ್ತಾರೆ. ಹೆಂಗದೆ ಮೇಡಂ ಎಂದು ನನ್ನ ಮುಖ ನೋಡುತ್ತಾರೆ. ನಾನು ಏನೂ ಹೇಳುವುದಿಲ್ಲ. ಅವರ ಕೊರಳಿನ ತಾಯಿತ ನಾನೇ ಬಿಚ್ಚಿಸಿ ಇಟ್ಟುಕೊಂಡಿರುತ್ತೇನೆ. ಡಾಕ್ಟರ್ ಬರೆದ ವರದಿ ಅವರ ಕೈಸೇರುವವರೆಗೆ ಅದನ್ನು ವಾಪಸ್ ಕೊಡುವುದಿಲ್ಲ.