ಅಕ್ಕನ ದನಿಗೆ ಹೊಂದಿಸಿದ ತಂತಿಗಳು

ಅವನು ಲಿಫ್ಟ್ ರಿಪೇರಿ ಮಾಡುವವನು. ಹಾಗಾಗಿ ಬ್ಯಾಂಡಿನವರು ಅವನನ್ನು ಕರೆಯುತ್ತಿದ್ದುದೂ ‘ಲಿಫ್ಟು’ ಎಂದೇ. ಮಾತು ಬಹಳ ಕಡಿಮೆ. ಏನು ಕೇಳಿದರೂ ಒಂದು ಹ್ಞೂಂ, ಇಲ್ಲದಿದ್ದರೆ ಒಂದು ಉಹ್ಞೂಂ. ಅವನ ಅಕ್ಕ ಅದಕ್ಕೆ ತದ್ವಿರುದ್ಧ. ಹಗಲೆಲ್ಲ ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು, ಯಾವ ಬಸ್ಸು ಯಾವ ಪ್ಲಾಟ್‌ಫಾರಮ್ಮಿಗೆ ಬರುತ್ತದೆಂದು ಮೈಕಿನಲ್ಲಿ ಹೇಳುವುದು ಅವಳ ಕೆಲಸ. ಸಂಜೆ, ಭಾನುವಾರವಾದರೆ ಮಧ್ಯಾಹ್ನವೂ, ಒಂದು ಹೋಟೆಲಿನ ಮೊದಲ ಮಹಡಿಯಲ್ಲಿ, ಊಟಕ್ಕೆ ಬಂದವರ ಮುಂದೆ ಹಾಡು. ತಮ್ಮ ಅವಳ ಹಿಂದೆ ನಿಂತು ಬೇಸ್ ಗಿಟಾರ್ ನುಡಿಸುತ್ತಿದ್ದ.

“ಇವನ ಪಾಲಿನ ಮಾತನ್ನೂ ನಾನೇ ಆಡ್ಬೇಕು. ಒಂದೇ ಗಂಟಲಲ್ಲಿ ಇಬ್ಬರ ಸಂಸಾರ,” ಎಂದು ಅಕ್ಕ ಎಲ್ಲರೆದುರೂ ನಗುತ್ತಿದ್ದಳು.

ಅಮ್ಮ ತೀರಿಕೊಂಡಾಗ ಅವನಿನ್ನೂ ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದ ಮಗು. ಅಪ್ಪ ದೂರದ ಕೆಲಸಕ್ಕೆ ಹೋದವರು ಅಲ್ಲೇ ಇನ್ನೊಂದು ಸಂಸಾರ ಹೂಡಿಬಿಟ್ಟರು. ಅಕ್ಕನೇ ತಲೆ ಬಾಚಿದಳು, ಶಾಲೆಗೆ ಸೇರಿಸಿದಳು, ಜ್ವರ ಬಂದಾಗ ಪಕ್ಕದಲ್ಲಿ ಕೂತಳು. ಹುಡುಗ ಗಿಟಾರ್ ಬೇಕೆಂದು ಹಟ ಹಿಡಿದಾಗ ಅವಳು ತಂದುಕೊಟ್ಟದ್ದು ಬೇಸ್ ಗಿಟಾರು.

“ಇದರಲ್ಲಿ ನಾಲ್ಕೇ ತಂತಿ ಇದೆ,” ಎಂದು ಅವನು ಮುಖ ಸಣ್ಣದು ಮಾಡಿದ.

“ಇನ್ನೆರಡರ ಕೆಲಸ ನಾನು ಮಾಡ್ತೀನಿ ಬಿಡೋ,” ಎಂದಳು. “ನಂಗೆ ಹಾಡೋವಾಗ ಕಾಲ ಕೆಳಗೆ ನೆಲ ಬೇಕು. ಅದನ್ನ ನೀನು ಹಾಕು.”

ಅವನು ಅದನ್ನೇ ಮಾಡಿಕೊಂಡು ಬಂದ. ಬೇಸ್ ಗಿಟಾರಿನ ದನಿ ಕೇಳುವವರ ಕಿವಿಗೆ ಬೇರೆಯಾಗಿ ಬೀಳುವುದಿಲ್ಲ. ಅದು ನಿಂತಾಗಲಷ್ಟೇ ಏನೋ ಕಳಚಿಕೊಂಡಿತು ಅನ್ನಿಸುತ್ತದೆ. ಅಕ್ಕನಿಗೆ ಮಾತ್ರ ಪ್ರತಿ ಪೆಟ್ಟೂ ಗೊತ್ತಾಗುತ್ತಿತ್ತು. ಅವಳು ಎಲ್ಲಿ ಉಸಿರೆಳೆಯುತ್ತಾಳೆ, ಎಲ್ಲಿ ಬೇಕೆಂದೇ ತಡಮಾಡುತ್ತಾಳೆ ಎಂಬುದು ಅವನ ಬೆರಳಿಗೆ ಬಾಯಿಪಾಠವಾಗಿತ್ತು.

ಅವಳ ಕತ್ತಿನಲ್ಲಿ ಗಡ್ಡೆ ಕಾಣಿಸಿದ್ದು ಒಂದು ಬೇಸಿಗೆಯಲ್ಲಿ. ಅದು ದನಿಯ ನರವನ್ನೇ ಸುತ್ತಿಕೊಂಡಿತ್ತು. ಆಪರೇಶನ್ ಮಾಡಿ ಗಡ್ಡೆ ತೆಗೆದರು; ಜೀವ ಉಳಿಯಿತು. ಬಹಳ ದಿನ ಅವಳ ಬಾಯಿಂದ ಬರೀ ಗಾಳಿ ಬರುತ್ತಿತ್ತು. ಆಮೇಲೆ ದನಿ ಮರಳಿತು, ಆದರೆ ಅವಳ ದನಿಯಲ್ಲ. ಒರಟಾದ, ತಗ್ಗಿದ, ನಡುನಡುವೆ ಬಿರುಕು ಬಿಡುವ ಇನ್ಯಾರದೋ ದನಿ. ಬಸ್ ನಿಲ್ದಾಣದವರು ಅವಳನ್ನು ಮೈಕಿನಿಂದ ಎಬ್ಬಿಸಿ, ಪ್ರಯಾಣಿಕರು ಬಿಟ್ಟುಹೋದ ಸಾಮಾನುಗಳ ಕೋಣೆಗೆ ಹಾಕಿದರು. ಕೊಡೆ, ಒಂಟಿ ಚಪ್ಪಲಿ, ಊಟದ ಡಬ್ಬಿಗಳ ನಡುವೆ ಅವಳ ಹಗಲು ಕಳೆಯತೊಡಗಿತು.

“ನನ್ನ ದನೀನೂ ಯಾರೋ ಬಸ್ಸಲ್ಲಿ ಬಿಟ್ಟು ಹೋಗಿರ್ಬೇಕು,” ಎಂದಳು ಒಮ್ಮೆ. “ದಿನಾ ಹುಡುಕ್ತಾ ಇದೀನಿ, ಸಿಕ್ತಿಲ್ಲ.”

ತಮ್ಮ ನಗಲಿಲ್ಲ. ಗಿಟಾರ್ ಎತ್ತಿಕೊಂಡು, “ಹಾಡು,” ಎಂದ. “ಸ್ಕೇಲ್ ಇಳಿಸ್ತೀನಿ.”

ಅವಳು ತನ್ನ ಹಳೆಯ ಹಾಡೊಂದನ್ನು ಎತ್ತಿಕೊಂಡಳು. ಮೇಲಿನ ಸ್ವರದಲ್ಲಿ ದನಿ ಒಡೆಯಿತು. ಅವನು ಇಳಿಸಿದ. ಮತ್ತೆ ಒಡೆಯಿತು. ಮತ್ತೆ ಇಳಿಸಿದ. ದನಿ ನಿಲ್ಲುವ ಜಾಗ ಸಿಕ್ಕಿತು ಅನ್ನುವಷ್ಟರಲ್ಲಿ ಅವನ ಗಿಟಾರಿನಲ್ಲಿ ಕೆಳಗೆ ಜಾಗವೇ ಉಳಿದಿರಲಿಲ್ಲ. ದಪ್ಪನೆಯ ತಂತಿಯನ್ನು ಸಡಿಲಿಸಿ ನೋಡಿದ. ಅದು ಬಟ್ಟೆ ಒಣಗಿಸುವ ಹಗ್ಗದಂತೆ ಜೋತು, ಗಿಟಾರಿನ ಕತ್ತಿನ ಲೋಹದ ಕಟ್ಟುಗಳ ಮೇಲೆ ಪಟಪಟ ಬಡಿಯಿತು.

“ನೆಲ ಮುಗೀತು,” ಎಂದಳು ಅಕ್ಕ.

ಮರುವಾರ ಅವನು ಹಳೆಯದೊಂದು ಐದು ತಂತಿಯ ಬೇಸ್ ಗಿಟಾರನ್ನು ಹೊತ್ತು ತಂದ. ಮಾಮೂಲಿ ನಾಲ್ಕರ ಕೆಳಗೆ ಇನ್ನೂ ದಪ್ಪದ, ಇನ್ನೂ ತಗ್ಗಿನ ಒಂದು ತಂತಿ. ಆದರೆ ಅದಕ್ಕೆ ಹಾಕಿದ್ದ ರೆಡಿಮೇಡ್ ಸೆಟ್ಟಿನಲ್ಲಿ ಆ ಐದನೆಯದು ಒದ್ದೆ ಕಂಬಳಿ ಕೊಡವಿದಂತೆ ಸದ್ದು ಮಾಡುತ್ತಿತ್ತು; ಸ್ವರ ಯಾವುದೆಂದೇ ತಿಳಿಯುತ್ತಿರಲಿಲ್ಲ. ಇತ್ತ ಸಣ್ಣ ತಂತಿಗಳೆರಡೂ ಉಕ್ಕಿನವು, ಝಲ್ಲೆನ್ನುವಂಥವು. ಅಕ್ಕನ ಒರಟು ದನಿಯ ಪಕ್ಕದಲ್ಲಿ ಅವು ಉಪ್ಪುಕಾಗದ ಉಜ್ಜಿದಂತೆ ಕೇಳಿಸುತ್ತಿದ್ದವು.

ಅವನು ವಾದ್ಯದಂಗಡಿಗೆ ಹೋಗಿ ಬಿಡಿ ತಂತಿ ಕೇಳಿದ.

“ಸೆಟ್ ಒಡೆದು ಕೊಡೋಕಾಗಲ್ಲಪ್ಪ,” ಎಂದರು ಅಂಗಡಿಯ ಮುದುಕರು. “ಒಂದನ್ನ ನಿಂಗೆ ಕೊಟ್ರೆ ಉಳಿದವುಗಳಿಂದ ನಾನೇನು ಹಲ್ಲು ಕಟ್ಟಿಸ್ಕೊಳ್ಲಾ?”

“ಅಕ್ಕ ಹಾಡ್ಬೇಕು,” ಎಂದ ಅವನು.

ಮುದುಕರು ಅವಳ ಹಾಡು ಕೇಳಿದ್ದವರು. ಕೆಳಗಿನ ಡ್ರಾಯರನ್ನು ಪೂರ್ತಿ ಎಳೆದು ಮೇಜಿನ ಮೇಲಿಟ್ಟರು. “ತಗೊಂಡ್ಹೋಗು. ಸರಿಹೋಗಿದ್ದು ಇಟ್ಕೋ, ಉಳಿದಿದ್ದು ತಂದುಕೊಡು. ತುದಿ ಕತ್ತರಿಸ್ಬೇಡ ಅಷ್ಟೇ.”

ಹೀಗೆ ಶುರುವಾಯಿತು ಅವರ ಮನೆಯ ತಂತಿ ಪರೀಕ್ಷೆ. ರಜೆಯ ದಿನಗಳಲ್ಲಿ ಅಕ್ಕ ಮಂಚದ ಮೇಲೆ ಗೋಡೆಗೊರಗಿ ಕೂರುವಳು. ಅವನು ಕೆಳಗೆ ಚಾಪೆಯ ಮೇಲೆ, ಸುತ್ತ ಸುರುಳಿ ಸುರುಳಿ ತಂತಿ. ಒಂದನ್ನು ಬಿಗಿದು ನುಡಿಸುವನು. ಅವಳು ಬಗ್ಗಿ ಗಿಟಾರಿನ ಮರದ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ಒಂದು ಸಾಲು ಗುನುಗುವಳು.

“ಇದು ತುಂಬಾ ಬುದ್ಧಿವಂತ,” ಎನ್ನುವಳು ಒಂದಕ್ಕೆ. “ನಾನು ಬಾಯಿ ತೆಗೆಯೋಕ್ ಮುಂಚೇನೇ ಮಾತಾಡತ್ತೆ.” ಇನ್ನೊಂದಕ್ಕೆ, “ಇದಕ್ಕೆ ನಿದ್ದೆ ಬಿಟ್ಟಿಲ್ಲ.”

ಐದನೆಯ ತಂತಿಗೆ ಕೊನೆಗೆ ಸರಿಹೋದದ್ದು ಒಂದು ದಪ್ಪನೆಯ ಬಿಡಿ ತಂತಿ. ಬುಡದಲ್ಲಿ, ತಂತಿಗಳನ್ನು ಹೊರುವ ಕುದುರೆಯ ಮೇಲೆ ಕೂರುವ ಕಡೆ, ಅದಕ್ಕೆ ಸುತ್ತಿದ ಲೋಹದೆಳೆ ತೆಳ್ಳಗಾಗಿತ್ತು. ಹಾಗಾಗಿ ದಪ್ಪವಿದ್ದೂ ಸ್ವಚ್ಛವಾಗಿ ಕಂಪಿಸುತ್ತಿತ್ತು. ಅದರ ಮೇಲಿನ ಎರಡಕ್ಕೆ ನಿಕಲ್ ಸುತ್ತಿದ, ಮೆದು ದನಿಯವು. ಸಣ್ಣವೆರಡಕ್ಕೆ ಚಪ್ಪಟೆ ಎಳೆ ಸುತ್ತಿದ ನಯವಾದವು. ಈಗ ಬೇರೊಂದು ತೊಂದರೆ ಎದ್ದಿತು. ನಿಕಲ್ಲಿನಿಂದ ಚಪ್ಪಟೆಗೆ ದಾಟುವಾಗ ಕತ್ತಲಲ್ಲಿ ಒಂದು ಮೆಟ್ಟಿಲು ತಪ್ಪಿದಂತೆ ದನಿ ಕುಸಿಯುತ್ತಿತ್ತು.

“ಅಲ್ಲಿ ನಾನು ಬಿದ್ದೆ,” ಎಂದಳು ಅಕ್ಕ ಪ್ರತಿ ಸಲವೂ.

ಅವನು ನಾಲ್ಕಾರು ಬಗೆ ಪ್ರಯತ್ನಿಸಿದ ಮೇಲೆ, ಎರಡನೆಯ ನಿಕಲ್ ತಂತಿಯನ್ನು ತೆಗೆದು ಆ ಜಾಗಕ್ಕೆ ಅರ್ಧ ಉಜ್ಜಿ ನಯಗೊಳಿಸಿದ ತಂತಿಯೊಂದನ್ನು ಹಾಕಿದ. ಅದು ಇತ್ತಲಿನದೂ ಅಲ್ಲ, ಅತ್ತಲಿನದೂ ಅಲ್ಲ. ಮೆಟ್ಟಿಲು ಸಿಕ್ಕಿತು. ಹೊಸ ಬಿಗಿತಕ್ಕೆ ಗಿಟಾರಿನ ಕತ್ತು ಬಾಗಿತು. ಒಳಗಿನ ಸರಳಿನ ತಿರುಪನ್ನು ಚೂರು ಚೂರೇ ತಿರುಗಿಸಿ, ಮರ ಒಗ್ಗಿಕೊಳ್ಳಲು ಒಂದು ದಿನ ಬಿಟ್ಟು, ಮತ್ತೆ ತಿರುಗಿಸಿದ.

“ಎಲ್ಲದರ ಬಿಗಿ ಒಂದಕ್ಕೊಂದು ಹೊಂದ್ಬೇಕು,” ಎಂದ. “ಲಿಫ್ಟಲ್ಲೂ ಅಷ್ಟೇ. ಒಂದು ಹಗ್ಗ ಸಡಿಲ ಬಿದ್ರೆ ಅದರ ಭಾರ ಉಳಿದವು ಹೊರ್ಬೇಕು. ಸವೆದು ಹೋಗ್ತವೆ.”

“ಇಷ್ಟು ದೊಡ್ಡ ಮಾತು ನಿನ್ನ ಬಾಯಲ್ಲಿ,” ಎಂದು ಅಕ್ಕ ಅವನ ತಲೆ ಸವರಿದಳು.

ಐದನೆಯ ತಂತಿಯ ತಗ್ಗಿನ ಸ್ವರಕ್ಕೆ ಅಡುಗೆಮನೆಯ ಲೋಟಗಳು ಗಿಣಿಗಿಣಿ ಎನ್ನುತ್ತಿದ್ದವು. ಕೆಳಗಿನ ಮನೆಯಾಕೆ ಮೇಲೆ ಬಂದು, “ಏನ್ರೀ, ಹಿಟ್ಟಿನ ಗಿರಣಿ ಇಟ್ಟಿದೀರಾ?” ಎಂದು ಕೇಳಿದವಳು, ಅಕ್ಕ ಹಾಡುವುದನ್ನು ನೋಡಿ ಬಾಗಿಲಲ್ಲೇ ನಿಂತು, ಹಾಡು ಮುಗಿದ ಮೇಲೆ ಸದ್ದಿಲ್ಲದೆ ಇಳಿದುಹೋದಳು. ಆಮೇಲೆ ದೂರಲಿಲ್ಲ.

ಅಕ್ಕ ಹೋಟೆಲಿನಲ್ಲಿ ಮತ್ತೆ ಹಾಡಿದಳು. ಕೀಬೋರ್ಡ್ ನುಡಿಸುತ್ತಿದ್ದವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು, ಬ್ಯಾಂಡು ಅವರದೇ. ಮೊದಲ ಹಾಡು ಮುಗಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡು, “ಅಕ್ಕಾ, ಈ ಹಾಡಿಗೆ ಇಂಥ ಒಳಮನೆ ಇದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ,” ಎಂದರು. ಊಟ ಮಾಡುತ್ತಿದ್ದವರಲ್ಲಿ ಕೆಲವರು ಚಪ್ಪಾಳೆ ತಟ್ಟಿದರು. ಕೆಲವರು ಲವಲವಿಕೆಯದೇನಾದರೂ ಹಾಡಿ ಎಂದರು. ಅವಳಿಗೆ ಎರಡೂ ಸಮ. ಮನೆಗೆ ನಡೆದು ಬರುವಾಗ ತಮ್ಮನ ತೋಳು ಹಿಡಿದು, “ನಂಗೆ ಈ ದನಿ ಒಗ್ಗಿತು ಕಣೋ,” ಎಂದಳು.

ಒಗ್ಗಿದ ದನಿ ಉಳಿದದ್ದು ಒಂದು ಮಳೆಗಾಲದಷ್ಟು. ಗಡ್ಡೆ ಮತ್ತೆ ಬಂದಿತು, ಈ ಸಲ ಧ್ವನಿಪೆಟ್ಟಿಗೆಗೇ. ಅದನ್ನು ಪೂರ್ತಿ ತೆಗೆಯಬೇಕು ಎಂದರು ಡಾಕ್ಟರಮ್ಮ.

“ಹಾಡೋದು ಹೋಗ್ಲಿ,” ಎಂದಳು ಅಕ್ಕ, “ಇವನ ಜೊತೆ ಜಗಳ ಆಡೋಕಾದ್ರೂ ಸ್ವಲ್ಪ ಉಳಿಸ್ತೀರಾ?”

ಡಾಕ್ಟರಮ್ಮ ತಲೆ ತಗ್ಗಿಸಿದರು.

ಆಪರೇಶನ್ನಿನ ಹಿಂದಿನ ಮಧ್ಯಾಹ್ನ, ಆಸ್ಪತ್ರೆಗೆ ಹೊರಡಲು ಅಕ್ಕ ಬಟ್ಟೆ ಜೋಡಿಸಿಕೊಳ್ಳುತ್ತಿದ್ದಳು. ಒಮ್ಮೆಲೇ ಕೈ ನಿಲ್ಲಿಸಿ, “ನೀನು ನುಡಿಸು. ನಾನು ಹಾಡಲ್ಲ, ಕೇಳ್ತೀನಿ,” ಎಂದಳು. ಯಾವ ಹಾಡೆಂದು ಅವಳೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ಅವನು ಪಲ್ಲವಿಯಿಂದ ಹಿಡಿದು ಕೊನೆಯವರೆಗೆ ಬರಿಯ ಬೇಸ್ ನುಡಿಸಿದ. ಅವಳು ಉಸಿರೆಳೆಯುವ ಜಾಗದಲ್ಲಿ ಕಾದ. ಅವಳ ತುಟಿಗಳು ಅಲುಗುತ್ತಿದ್ದವು.

ಮುಗಿದ ಮೇಲೆ ಅವಳೆಂದಳು, “ಎರಡನೇ ಚರಣದಲ್ಲಿ ಓಡಿಬಿಟ್ಟೆ.”

“ನೀನಿರ್ಲಿಲ್ವಲ್ಲ,” ಎಂದ ಅವನು.

ಅವಳು ಮುಖ ತಿರುಗಿಸಿ ಮತ್ತೆ ಬಟ್ಟೆ ಮಡಿಸತೊಡಗಿದಳು. ಮಡಿಸಿದ್ದನ್ನೇ ಬಿಚ್ಚಿ ಮಡಿಸುತ್ತಿದ್ದಳು. ಅವಳ ಬಾಯಿಂದ ಅವನು ಮಾತು ಕೇಳಿದ ಕೊನೆಯ ಹಗಲು ಅದು.

ಆಪರೇಶನ್ ಆದಮೇಲೆ ಅಕ್ಕನ ಕತ್ತಿನಲ್ಲಿ ಉಸಿರಿಗೊಂದು ತೂತು ಉಳಿಯಿತು. ಅವಳು ತುಟಿ ಆಡಿಸುತ್ತಿದ್ದಳು, ಅವನು ಓದಿಕೊಳ್ಳುತ್ತಿದ್ದ. ಬ್ಯಾಂಡಿಗೆ ಹೊಸ ಹಾಡುಗಾರ್ತಿ ಬಂದಳು; ಎತ್ತರದ, ತಿಳಿಯಾದ ದನಿಯ ಹುಡುಗಿ. ಅವನು ಬಿಡುತ್ತೇನೆಂದಾಗ ಅಕ್ಕ ಗಿಟಾರಿನ ಚೀಲವನ್ನು ತಾನೇ ಎತ್ತಿ ಅವನ ಹೆಗಲಿಗೆ ಹಾಕಿ, ಬಾಗಿಲಾಚೆ ದೂಡಿದಳು. ಹಾಡುಗಳೆಲ್ಲ ಮತ್ತೆ ಮೇಲಿನ ಸ್ಕೇಲಿಗೆ ಏರಿದವು. ಐದನೆಯ ತಂತಿಯ ಮೇಲೆ ಅವನು ಹೆಬ್ಬೆರಳು ಊರಿ ನಿಲ್ಲುತ್ತಿದ್ದ, ಅಷ್ಟೇ.

ಒಂದು ಭಾನುವಾರ ಮಧ್ಯಾಹ್ನದ ಊಟದ ಹೊತ್ತಿಗೆ, ಹೇಳದೆ ಕೇಳದೆ ಅಕ್ಕ ಹೋಟೆಲಿಗೆ ಬಂದಳು. ಕತ್ತಿಗೆ ಬಟ್ಟೆ ಸುತ್ತಿಕೊಂಡು ಕಿಟಕಿಯ ಪಕ್ಕ ಕೂತಳು. ಎರಡು ಹಾಡು ಕೇಳಿದಳು. ಮೂರನೆಯದು ಅವಳ ಹಾಡು. ನಡುವೆ ಎದ್ದು, ಮೇಜುಗಳ ಸಂದಿಯಲ್ಲಿ ಯಾರಿಗೂ ತಾಗದಂತೆ ನಡೆದು ಹೊರಟುಹೋದಳು. ಅವನು ನೋಡುತ್ತಲೇ ಇದ್ದ. ಕೈ ನಿಲ್ಲಿಸಿದರೆ ಹಾಡುವ ಹುಡುಗಿ ಬೀಳುತ್ತಾಳೆ. ಕೊನೆಯ ಪೆಟ್ಟಿನವರೆಗೂ ನುಡಿಸಿದ.

ಮನೆಗೆ ಓಡಿ ಬಂದಾಗ ಅಕ್ಕ ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಿದ್ದಳು. ತಲೆಯೆತ್ತಿ ತುಟಿ ಆಡಿಸಿದಳು: ‘ಹುಡುಗಿ ಚೆನ್ನಾಗಿ ಹಾಡ್ತಾಳೆ.’

ಅವನು ಗಿಟಾರಿನ ಚೀಲವನ್ನು ಕೆಳಗಿಳಿಸಿದ.

‘ನೀನೂ ಅವಳಿಗೆ ಚೆನ್ನಾಗಿ ನುಡಿಸ್ತೀಯ.’

“ನಾಳೆಯಿಂದ ಹೋಗಲ್ಲಕ್ಕ,” ಎಂದ.

ಅವಳು ಅಂಗೈಯಿಂದ ಮೇಜಿಗೆ ಬಡಿದಳು. ಬಟಾಣಿ ನೆಲದ ತುಂಬ ಚೆಲ್ಲಿತು. ಇಬ್ಬರೂ ಬಗ್ಗಿ ಆರಿಸತೊಡಗಿದರು. ಅವಳ ಹೆಗಲು ಕುಲುಕುತ್ತಿತ್ತು. ಸದ್ದಿಲ್ಲದ ಅಳು, ಕತ್ತಿನ ತೂತಿನಿಂದ ಉಸಿರು ಮಾತ್ರ ಸುಯ್ಯೆನ್ನುತ್ತಿತ್ತು. ಅವನು ಅವಳನ್ನು ತಬ್ಬಿಕೊಳ್ಳಲು ಹೋದ. ಅವಳು ಮೆಲ್ಲಗೆ ಅವನ ಕೈ ಸರಿಸಿದಳು. ಆ ದಿನ ಅವಳು ಹಾಗೆ ಮಾಡಿದ್ದು ಅವನನ್ನು ಬಹಳ ಕಾಲ ತಿಂದಿತು. ಆಮೇಲೆ ಅವಳು ಅವನ ಜೊತೆ ಊಟ ಮಾಡಿದಳು, ಅಂಗಿಗೆ ಇಸ್ತ್ರಿ ಹಾಕಿದಳು, ಎಂದಿನಂತೆ ನಕ್ಕಳು. ಹಾಡಿನ ಸುದ್ದಿ ಮಾತ್ರ ಇಬ್ಬರೂ ಎತ್ತಲಿಲ್ಲ.

ರೋಗ ಶ್ವಾಸಕೋಶಕ್ಕೆ ಇಳಿಯಿತು. ಮುಂದಿನ ವರ್ಷ ಚಳಿ ಶುರುವಾಗುವ ಮುಂಚೆಯೇ, ಒಂದು ಬೆಳಿಗ್ಗೆ ಅವಳು ಹೋದಳು. ಅವನ ಕೈ ಅವಳ ಕೈಯಲ್ಲಿತ್ತು. ಕೊನೆಯಲ್ಲಿ ತುಟಿಗಳು ಅಲುಗಿದವು. ಅಷ್ಟು ದಿನ ಓದಿಕೊಂಡು ಬಂದವನಿಗೆ ಅದೊಂದನ್ನು ಓದಲಾಗಲಿಲ್ಲ.

ಅವನು ಕೆಲಸಕ್ಕೆ ಮರಳಿದ ವಾರವೇ ಹಳೆಯ ಕಟ್ಟಡವೊಂದರಿಂದ ಕರೆ ಬಂತು. ಲಿಫ್ಟು ಎರಡು ಮಹಡಿಗಳ ನಡುವೆ ನಿಂತಿದೆ, ಒಳಗೆ ಒಬ್ಬರು ವಯಸ್ಸಾದ ಹೆಂಗಸು. ಅವನು ಹೋಗಿ ಬಾಗಿಲಿನ ಸಂದಿಯಲ್ಲಿ, “ಅಮ್ಮಾ, ಹೆದರ್ಬೇಡಿ. ಸ್ವಲ್ಪ ಹೊತ್ತಲ್ಲಿ ಇಳಿಸ್ತೀನಿ,” ಎಂದ.

“ಕತ್ತಲೆ ಕಣಪ್ಪ ಇಲ್ಲಿ,” ಎಂಬ ದನಿ ನಡುಗುತ್ತಿತ್ತು. “ನೀನು ಸುಮ್ನಾಗ್ಬೇಡ. ಏನಾದ್ರೂ ಮಾತಾಡ್ತಾ ಇರು.”

ಅವನಿಗೆ ಮಾತು ಎಲ್ಲಿಂದ ಬರಬೇಕು? ಸ್ಪ್ಯಾನರ್ ಎತ್ತಿಕೊಂಡ. ಆಮೇಲೆ, “ನಂಗೊಬ್ಳು ಅಕ್ಕ ಇದಾಳೆ,” ಎಂದು ಶುರುಮಾಡಿದ. “ಅವಳು ಹಾಡ್ತಾಳೆ.” ಕೆಲಸ ಮಾಡುತ್ತಲೇ ಹೇಳುತ್ತ ಹೋದ. ಜ್ವರ ಬಂದಾಗ ಅವಳು ಹಾಡುತ್ತಿದ್ದದ್ದು, ಹೋಟೆಲಿನ ದಾರಿಯಲ್ಲಿ ಅವಳು ಹರಟುತ್ತಿದ್ದದ್ದು, ಅವಳಿಗೆ ಕೋಪ ಬಂದರೆ ಹುಬ್ಬು ಹೇಗಾಗುತ್ತಿತ್ತು ಎಂಬುದು. ಜೊತೆಗೆ ಬಂದಿದ್ದ ಮೆಕ್ಯಾನಿಕ್ ಅವನನ್ನೇ ನೋಡುತ್ತ ನಿಂತಿದ್ದ. ಅಷ್ಟು ವರ್ಷಗಳ ಜೊತೆಯಲ್ಲಿ ಇವನು ಅಷ್ಟು ಮಾತಾಡಿದ್ದನ್ನು ಅವನು ಕೇಳಿರಲಿಲ್ಲ.

“ಈಗಲೂ ಹಾಡ್ತಾಳೇನಪ್ಪ?” ಎಂದು ಒಳಗಿನಿಂದ ಕೇಳಿದರು ಆ ಹೆಂಗಸು.

ಲಿಫ್ಟು ಮೆಲ್ಲಗೆ ಇಳಿದು ಮಹಡಿಯ ಸಮಕ್ಕೆ ಬಂತು. ಮೆಕ್ಯಾನಿಕ್ ಬಾಗಿಲು ತೆರೆದಾಗ ಇವನು ಮೆಟ್ಟಿಲ ಮೇಲೆ ಕುಸಿದು ಕೂತು, ಎಣ್ಣೆಯ ಕೈಗಳಲ್ಲಿ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದ. ಆಕೆ ಮನೆಗೆ ಹೋಗಲಿಲ್ಲ. ಕೈಚೀಲವನ್ನು ಕೆಳಗಿಟ್ಟು, ಗೋಡೆ ಹಿಡಿದುಕೊಂಡು ನಿಧಾನವಾಗಿ ಅವನ ಪಕ್ಕದಲ್ಲಿ ಕೂತರು.