ಒರೆಸಿ ನೋಡಿದ ಮುಖ

ನನ್ನ ಅಪ್ಪನ ಮುಖದ ತುಂಬ ಕಂದು ಚುಕ್ಕೆಗಳಿದ್ದವು. ಅವನನ್ನು ನೋಡಿ ಯಾರೂ ಒಂದು ಮಾತಾಡಿದವರಲ್ಲ. ಅವೇ ಚುಕ್ಕೆಗಳು ನನ್ನ ಮೂಗಿನ ಮೇಲೆ, ಎರಡೂ ಕೆನ್ನೆಗಳ ಮೇಲೆ ಬಂದು ಕೂತಾಗ ಮಾತ್ರ ನಮ್ಮೂರು ಘಾಟಬೋರಾಳದಲ್ಲಿ ಮನೆಗೊಬ್ಬ ವೈದ್ಯ ಹುಟ್ಟಿಕೊಂಡ. ನಮ್ಮ ಕಡೆ ಮುಖದ ಮೇಲಿನ ಯಾವ ಕಲೆಗೂ ಒಂದೇ ಹೆಸರು, ಬಂಗು. ಶಾಲೆಯಲ್ಲಿ ನನ್ನ ಹೆಸರೂ ಅದೇ ಆಗಿತ್ತು.

ಅವ್ವ ಜಾಯಿಕಾಯಿಯನ್ನು ಹಸಿಹಾಲಲ್ಲಿ ತೇಯ್ದು ಹಚ್ಚುತ್ತಿದ್ದಳು. ಅದು ಒಣಗಿ ಬಿಗಿಯುವಾಗ ನಗಬಾರದು ಎನ್ನುತ್ತಿದ್ದಳು. ನಗುವಂಥದ್ದು ಅಲ್ಲೇನೂ ಇರಲಿಲ್ಲ. ಅಪ್ಪನ ತಂಗಿ, ನನ್ನ ಸೋದರತ್ತೆ, ಲಿಂಬೆಹಣ್ಣು ಉಜ್ಜಿ ಬಿಸಿಲಿಗೆ ಕೂಡಿಸಿದಳು. ಕೆನ್ನೆ ಸುಟ್ಟು ಸಿಪ್ಪೆ ಎದ್ದಿತು, ಚುಕ್ಕೆಗಳು ಮೊದಲಿಗಿಂತ ಕಪ್ಪಾದವು. ತೊಗರಿ ಹೊಲಕ್ಕೆ ಹೋಗುವ ಹೆಂಗಸರೆಲ್ಲ ತಲೆಗೆ ದಸ್ತಿ ಕಟ್ಟುತ್ತಾರೆ. ನನಗೆ ಕಣ್ಣಷ್ಟೇ ಬಿಟ್ಟು ಮುಖಕ್ಕೂ ಸುತ್ತುತ್ತಿದ್ದರು. ಅವರು ಮಾಡಿದ ಅಷ್ಟೂ ಉಪಚಾರದಲ್ಲಿ ಸರಿಯಾದದ್ದು ಅದೊಂದೇ ಎಂದು ಬಹಳ ತಡವಾಗಿ ತಿಳಿಯಿತು. ಅದನ್ನೂ ಅವರು ಬಿಸಿಲಿಗೆ ಅಂಜಿ ಮಾಡಲಿಲ್ಲ, ದಾರಿಯಲ್ಲಿ ಗಂಡಿನ ಕಡೆಯವರು ಯಾರಾದರೂ ನೋಡಿಯಾರೆಂದು ಮಾಡಿದರು.

ಕನ್ಯೆ ನೋಡಲು ಬಂದವರಲ್ಲಿ ಹಿರಿಯ ಹೆಂಗಸು ಹುಡುಗಿಯನ್ನು ಅಂಗಳದ ಬೆಳಕಿಗೆ ಕರೆದು, ಒದ್ದೆ ಬಟ್ಟೆಯಿಂದ ಮುಖ ಒರೆಸಿ ನೋಡುವ ಪದ್ಧತಿ ನಮ್ಮ ಬಳಗದಲ್ಲಿತ್ತು. ಪೌಡರಿನ ಆಟ ಅಲ್ಲಿಗೆ ಮುಗಿಯುತ್ತಿತ್ತು. ಎತ್ತಿನ ಹಲ್ಲು ನೋಡುವವರಿಗಾದರೂ ಅದು ಹಾಯ್ದೀತು ಎಂಬ ಅಂಜಿಕೆ ಇರುತ್ತದೆ. ಮೊದಲು ಬಂದವಳು ನನ್ನನ್ನು ಒರೆಸಿ, ಬಟ್ಟೆ ನೋಡಿ, ಮತ್ತೆ ಮುಖ ನೋಡಿ ಅವ್ವನಿಗೆ ಅಂದಳು:

"ಇದು ಒರಿಸಿದ್ರ ಹೋಗೋದಲ್ಲ ಬಿಡವ್ವ."

ಅಷ್ಟು ಹೇಳಿದ ಮೇಲೂ ತಟ್ಟೆಯಲ್ಲಿದ್ದ ಚೂಡಾ ಪೂರ್ತಿ ತಿಂದೇ ಎದ್ದರು.

ಆಮೇಲೆ ಸೋದರತ್ತೆ ಹುಮನಾಬಾದಿನ ಒಂದು ಮೆಡಿಕಲ್ ಅಂಗಡಿಯಿಂದ ಟ್ಯೂಬು ತಂದಳು. ಡಾಕ್ಟರ ಚೀಟಿ ಯಾರೂ ಕೇಳಿರಲಿಲ್ಲ. ಅದನ್ನು ಹಚ್ಚಿದ ಕೆಲವೇ ವಾರಗಳಲ್ಲಿ ನನ್ನ ಮುಖ ನೆನೆಸಿ ಸುಲಿದ ಶೇಂಗಾದಂತಾಯಿತು. ಆಗ ಬಸವಕಲ್ಯಾಣದವರು ಬಂದರು. ನನ್ನ ಅತ್ತೆಯಾಗಲಿದ್ದವಳು ಒಮ್ಮೆ ಒರೆಸಿದಳು, ನಂಬಿಕೆ ಬಾರದೆ ಸೆರಗಿನಿಂದ ಮತ್ತೊಮ್ಮೆ ಒರೆಸಿದಳು. ಬಟ್ಟೆಯೂ ಸಾಫಾಗಿತ್ತು, ಮುಖವೂ ಸಾಫಾಗಿತ್ತು. ಅಂದೇ ಸಕ್ಕರೆ ಹಂಚಿದರು. ಗಂಡನ ಮನೆಗೆ ಕಳಿಸುವಾಗ ಅವ್ವ ಅಳುತ್ತಲೇ ನನ್ನ ಕಿವಿಯಲ್ಲಿ ಹೇಳಿದ್ದು ಒಂದೇ ಮಾತು:

"ಟ್ಯೂಬಿನ ಸುದ್ದಿ ಅತ್ತಿ ಮನ್ಯಾಗ ಸತ್ರೂ ತೆಗಿಬ್ಯಾಡ. ಮೋಸ ಮಾಡ್ಯಾರಂತ ಹೊಳ್ಳಿ ಕಳಸ್ತಾರ."

ಬಸವಕಲ್ಯಾಣದಲ್ಲಿ ಟ್ಯೂಬು ತೀರಿತು. ಇನ್ನೊಂದು ತಂದುಕೊಡಿ ಎಂದು ಯಾರ ಬಳಿ ಕೇಳಲಿ? ಹಚ್ಚುವುದು ನಿಂತದ್ದೇ ಮುಖ ಉರಿಯತೊಡಗಿತು. ಚರ್ಮ ಕೆಂಪಾಗಿ ತೆಳುವಾಯಿತು, ಒಲೆಯ ಮುಂದೆ ಕೂತರೆ ಕಣ್ಣಲ್ಲಿ ನೀರು ಬರುತ್ತಿತ್ತು. ಗಲ್ಲದ ಮೇಲೆ ಕೂದಲು ಮೂಡಿತು. ಹಳೆಯ ಚುಕ್ಕೆಗಳು ದಟ್ಟವಾಗಿ ಹಿಂತಿರುಗಿದವು. "ನಮ್ಮ ಸೊಸಿಗಿ ಬಂಗು ಹೊಕ್ಕೊಂಡಾದ ನೋಡ್ರಿ" ಎಂದು ಅತ್ತೆ ಬಂದವರಿಗೆಲ್ಲ ನನ್ನ ಗದ್ದ ಎತ್ತಿ ತೋರಿಸಿದಳು. ಬಸುರಿಯರಿಗೆ ಉಡಿ ತುಂಬುವ ಮನೆಗೆ ನನ್ನನ್ನು ಕರೆದೊಯ್ಯುವುದನ್ನು ಬಿಟ್ಟಳು. ನಾನೇ ಬಸುರಿಯಾದಾಗ ಮನೆಯ ಕನ್ನಡಿ ತೆಗೆಸಿದಳು. "ನಿನ್ನ ಮಾರಿ ನೀ ನೋಡಬ್ಯಾಡ, ಕೂಸಿಗಿ ಬರ್ತದ" ಅಂದಳು. ಗಂಡ ಗೋಡೆಯಿಂದ ಮೊಳೆಯನ್ನೂ ಕಿತ್ತು ಕೊಟ್ಟ.

ಕೊನೆಗೊಮ್ಮೆ ಉರಿ ತಾಳದೆ ಚರ್ಮದ ಡಾಕ್ಟರ ಬಳಿ ಹೋದೆ. ಚುಕ್ಕೆ ರೋಗವಲ್ಲ, ಅಪ್ಪನಿಂದ ಬಂದದ್ದು, ಬಿಸಿಲಿಗೆ ಕಪ್ಪಾಗುತ್ತದೆ, ಮುಖ ಮುಚ್ಚಿಕೊಂಡು ಸನ್‌ಸ್ಕ್ರೀನ್ ಹಚ್ಚಿದರೆ ಸಾಕಾಗಿತ್ತು ಎಂದರು. ನನ್ನ ಮುಖ ಸುಟ್ಟದ್ದು ಟ್ಯೂಬಿನೊಳಗಿನ ಸ್ಟೀರಾಯ್ಡ್. ಹೊರಗೆ ಬೆಂಚಿನ ಮೇಲೆ ಅತ್ತೆ ಕೂತಿದ್ದಳು. ಏನಂದ್ರು ಎಂದು ಕೇಳಿದಳು. ಉಷ್ಣ ಅಂತ್ರಿ, ಎಂದೆ.

ನನ್ನ ಮಗಳು ಈಗ ಹತ್ತನೇ ತರಗತಿ. ಕನ್ನಡಿ ತೆಗೆಸಿದ್ದು ವ್ಯರ್ಥವಾಯಿತು, ಅವಳಿಗೂ ಚುಕ್ಕೆಗಳಿವೆ. ನನ್ನ ಕಣ್ಣಿಗೆ ಅವಳು ಬಲು ಚೆಂದ. ಈ ಮಳೆಗಾಲದಲ್ಲಿ ಆ ಚುಕ್ಕೆಗಳು ಮಾಸುತ್ತ ಬಂದು, ಕೆನ್ನೆ ಹೊಳೆಯತೊಡಗಿತು. ಆ ಹೊಳಪಿನ ಗುರುತು ನನಗಲ್ಲದೆ ಮತ್ಯಾರಿಗೆ ಇದ್ದೀತು? ಒಂದು ಸಂಜೆ ಅಡುಗೆಮನೆಯಿಂದ ಹೊರಬಂದರೆ, ಅತ್ತೆ ಮೊಮ್ಮಗಳನ್ನು ಮುಂದೆ ಕೂಡಿಸಿಕೊಂಡು ಬೆರಳಲ್ಲಿ ಮುಲಾಮು ಹಚ್ಚುತ್ತಿದ್ದಳು. ಅದೇ ಬಣ್ಣದ ಟ್ಯೂಬು.

"ಏನ್ ಮಾಡಾಕತ್ತೀರಿ?" ಎಂದು ಕಿರುಚಿದೆ.

"ಯಾಕ ಒದರ್ತಿ? ಹುಡುಗಿ ನಿನ್ನಂಗ ಆಗಬಾರ್ದಂತ ಹಚ್ಚಾಕತ್ತೀನಿ. ನೀ ಸಣ್ಣಾಕಿ ಇದ್ದಾಗೇ ನಿನ್ನವ್ವ ಹಚ್ಚಿದ್ರ ನಿನ್ನ ಮಾರಿ ಹಿಂಗ್ಯಾಕ ಆಗ್ತಿತ್ತು?"

ಟ್ಯೂಬನ್ನು ಅವಳ ಕೈಯಿಂದ ಕಿತ್ತುಕೊಂಡೆ. ಇಷ್ಟು ವರ್ಷ ಬಾಯಿಗೆ ಹಾಕಿಕೊಂಡಿದ್ದ ಬೀಗ ಅವತ್ತು ತೆಗೆದೆ. ಹುಮನಾಬಾದಿನ ಅಂಗಡಿ, ಸೋದರತ್ತೆ, ಅವ್ವನ ಮಾತು, ಡಾಕ್ಟರು ಹೇಳಿದ್ದು, ಯಾವುದನ್ನೂ ಬಿಡದೆ ಹೇಳಿದೆ. ಬಂಗು ನನ್ನ ಮುಖ ಕೆಡಿಸಿಲ್ಲ, ಇದು ಕೆಡಿಸಿದೆ ಎಂದೆ. ಅತ್ತೆ ಪೂರ್ತಿ ಕೇಳಿದಳು. ಮೊಮ್ಮಗಳ ಕೆನ್ನೆಯನ್ನು ಒಮ್ಮೆಯಾದರೂ ನೋಡಲಿಲ್ಲ.

"ಅಂದ್ರ ಅವತ್ತ ನನ್ನ ಕಣ್ಣಾಗ ಮಣ್ಣ ಹಾಕಿದ್ರಿ," ಎಂದಳು. "ಎರಡ ಸಲ ಒರಿಸಿ ನೋಡೀನಿ ನಾ."

ಮಗಳು ಮಾತ್ರ ನನ್ನನ್ನೇ ನೋಡುತ್ತಿದ್ದಳು. ಕೇಳಿಸಿತು, ಉಳಿದಳು ಎಂದುಕೊಂಡೆ.

"ಮಮ್ಮಿ, ಅದು ಹಚ್ಚಿದ್ದಕ್ಕೇ ಅಜ್ಜಿ ನಿನ್ನ ಪಸಂದ್ ಮಾಡಿದ್ಳು, ಹೌದಿಲ್ಲ?"

ಹೌದು ಎಂದೆ.

"ಮತ್ತ? ನಡುವ ಬಿಟ್ಟಿದ್ದಕ್ಕ ನಿನಗ ಹಿಂಗಾಯ್ತು. ನಾ ಬಿಡಂಗಿಲ್ಲ."

ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಟ್ಯೂಬು ತೆಗೆದುಕೊಂಡಳು. ಇನ್ನೊಂದು ಕೆನ್ನೆಗೆ ಹಚ್ಚುವುದು ಬಾಕಿಯಿತ್ತು.