ಮಳೆ ಕಾಣದ ಬೂಟುಗಳು

ನನ್ನ ನಾದಿನಿ ಶರಾವತಿ ಸಿನಿಮಾದಲ್ಲಿದ್ದಾಳೆ ಎಂದರೆ ಸಾಗರದಲ್ಲಿ ಎಲ್ಲರೂ ಕೇಳುವುದು, ಯಾವ ಪಾರ್ಟು ಎಂದು. ಅವಳದು ಪಾತ್ರವಲ್ಲ, ಹೊಸ ಬಟ್ಟೆ, ಹೊಸ ಬೂಟುಗಳನ್ನು ಹಳೆಯದು ಮಾಡುವ ಕೆಲಸ. ಹೊಸನಗರದ ಕಡೆಯ ಹಳ್ಳಿಯಲ್ಲಿ ಹುಟ್ಟಿ, ಸಾಗರದಲ್ಲಿ ಹೊಲಿಗೆ ಕಲಿತು, ಬೆಂಗಳೂರಿನ ವಸ್ತ್ರವಿನ್ಯಾಸದ ತಂಡವೊಂದಕ್ಕೆ ಇಸ್ತ್ರಿ ಮಾಡಲು ಸೇರಿದವಳು. ಒಮ್ಮೆ ಪೊಲೀಸ್ ಪಾತ್ರಧಾರಿಯ ಸಮವಸ್ತ್ರ ತೀರ ಗರಿಗರಿಯಾಗಿದೆ ಅನ್ನಿಸಿ, ಲಾಠಿ ತಾಗುವ ಕಡೆ ತೊಡೆಯ ಬಟ್ಟೆಯನ್ನು ತಾನೇ ಉಜ್ಜಿ ಸವೆಸಿದಳಂತೆ. ಅದು ಯಾರದೋ ಕಣ್ಣಿಗೆ ಬಿತ್ತು. ಅಲ್ಲಿಂದ ಅವಳ ಕೈಗೆ ಇಸ್ತ್ರಿಪೆಟ್ಟಿಗೆಯ ಬದಲು ಉಜ್ಜುವ ಉಪ್ಪುಕಾಗದ ಬಂತು.

ಕಳೆದ ಜುಲೈನಲ್ಲಿ, ಬೆಂಗಳೂರಿನ ರೂಮಿನಲ್ಲಿ ಜಾಗ ಸಾಲದೆ, ಗೋಣಿಚೀಲಗಳ ತುಂಬ ಸೈನಿಕರ ಬೂಟು ಹೊತ್ತುಕೊಂಡು ನಮ್ಮ ಬಾಡಿಗೆ ಮನೆಗೆ ಬಂದಳು. ಹನಿ ನೀರಿಲ್ಲದ ಒಂದು ಗ್ರಹ, ಅಲ್ಲಿ ವರ್ಷಗಟ್ಟಲೆ ಕಾವಲಿರುವ ಸೈನಿಕರು, ಇದು ಸಿನಿಮಾ. ಬೇಸಿಗೆಯಲ್ಲಿ ಲಿಂಗನಮಕ್ಕಿ ಹಿನ್ನೀರು ಇಳಿದು ನೆಲ ಬಿರಿದಾಗ ಅಲ್ಲೇ ಶೂಟಿಂಗ್. ಬೂಟುಗಳ ಪೂರ್ತಿ ಹೊಣೆ ಮೊದಲ ಸಲ ಶರಾವತಿಯದು. ವಸ್ತ್ರವಿನ್ಯಾಸಕಿ ಪ್ರತಿಮಾ ಒಪ್ಪದಿದ್ದರೆ ಕೆಲಸ ಮುಂಬೈಗೆ, ಇವಳು ಮತ್ತೆ ಇಸ್ತ್ರಿಗೆ.

ನನ್ನ ಮಗಳಿಗೆ ಆಗ ಎಂಟು ತಿಂಗಳು, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಮನೆಯಲ್ಲಿ ಸ್ಪಿರಿಟ್ಟು, ಬಣ್ಣ, ಚರ್ಮದ ಪುಡಿ! ಶರಾವತಿಯ ಕೋಣೆಯ ಬಾಗಿಲಿಗೆ ಅಡ್ಡಹಲಗೆ ಹೊಡೆಸಿದೆ. ಆದರೂ ದಿನಕ್ಕೆ ಹತ್ತು ಸಲ ಮಗುವಿನ ಬಾಯಿ ಬಿಡಿಸಿ ನೋಡುತ್ತಿದ್ದೆ.

ಮೊದಲ ಕಂತಿನ ಬೂಟುಗಳ ಫೋಟೊ ನೋಡಿ ಪ್ರತಿಮಾ ಫೋನ್ ಮಾಡಿದರು. "ತುಂಬ ಚೆನ್ನಾಗಿವೆ ಶರಾವತಿ. ಆದರೆ ಇವೆಲ್ಲ ಮಳೆಯಲ್ಲಿ ನೆನೆದಿವೆ. ಹದಿನೈದು ದಿನ ಬಿಟ್ಟು ನಾನೇ ಬಂದು ನೋಡ್ತೀನಿ."

ನಾವಿಬ್ಬರೂ ಬೂಟು ಎತ್ತಿ ನೋಡಿದೆವು. ಅಟ್ಟೆಯ ಮೇಲೆ ನೀರು ಆರಿದಂಥ ಬಿಳಿಗೆರೆ, ಹೊಲಿಗೆಯಲ್ಲಿ ಬೂಷ್ಟಿನ ನೆರಳು, ಹಿಮ್ಮಡಿಗೆ ಕೆಸರಿನ ಕಂದು. ನಮ್ಮ ಕಡೆ ಚಪ್ಪಲಿ ಹಳೆಯದಾಗುವುದೇ ಹೀಗೆ. ಅವಳ ಕೈ ತನಗೆ ಗೊತ್ತಿದ್ದ ಹಳತನ್ನೇ ಮಾಡಿತ್ತು.

"ನೀರು ಮುಟ್ದೆ ಬೂಟು ಹೆಂಗೆ ಹಳೇದಾಗತ್ತೆ ಅತ್ತಿಗೆ? ನಾನು ನೋಡೇ ಇಲ್ಲ."

"ಯಾರು ನೋಡ್ತಾರೆ ಬಿಡೇ. ಗ್ರಹವೇ ಸುಳ್ಳು."

"ಗ್ರಹಾನ ಕಂಪ್ಯೂಟರಲ್ಲಿ ಮಾಡ್ತಾರೆ. ಕಾಲು ಮನುಷ್ಯರದ್ದೇ ಅಲ್ವಾ?"

ಕೆಳಗಿನ ಮನೆಯಲ್ಲಿ ನಮ್ಮ ಮಾಲೀಕರು, ಮಾಸ್ತಪ್ಪನವರು. ಸೈನ್ಯದಲ್ಲಿದ್ದು, ಮಳೆಯೇ ಅಪರೂಪವಾದ ಲಡಾಖಿನಲ್ಲಿ ಕಾಲ ಕಳೆದವರು. ಶರಾವತಿ ಒಂದು ಜೊತೆ ಹಿಡಿದು ಅವರ ಬಳಿಗೆ ಇಳಿದಳು. ಅವರು ನಕ್ಕರು.

"ನಾವು ಹಳೇ ಬೂಟಿಗೆ ಪಾಲಿಶ್ ಹೊಡ್ದು ಹೊಡ್ದು ಸರ್ವೀಸ್ ಮುಗ್ಸಿದ್ವಿ. ನೀನು ಹೊಸದನ್ನ ಹಾಳ್ಮಾಡಿ ಸಂಬಳ ತಗೊಳ್ತೀಯಲ್ಲ ಮಾರಾಯ್ತಿ!"

"ಹಾಳು ಮಾಡಕ್ಕೂ ಬರ್ತಿಲ್ಲ, ಅದಕ್ಕೇ ಬಂದೆ. ಅಲ್ಲಿ ನಿಮ್ಮ ಬೂಟು ಎಲ್ಲಿಂದ ಹಾಳಾಗ್ತಿತ್ತು?"

ಅವರು ಕಣ್ಣು ಮುಚ್ಚಿ, ಬರಿಗಾಲಿನ ಬೆರಳು ಮಡಚಿ ಬಿಡಿಸಿದರು. "ಬೆರಳು ಮಡಚೋ ಕಡೆಯಿಂದ. ಮಣ್ಣು ಅಂಟಲ್ಲ ಅಲ್ಲಿ, ಮರಳು ಮಡಿಕೆ ಒಳಗೆ ಕೂತು ಕೊಯ್ಯತ್ತೆ. ಬೂಟಿನ ಮೂತಿ ಉಜ್ಜಿ ಉಜ್ಜಿ ನುಣ್ಣಗಾಗತ್ತೆ. ಲೇಸು ಬಿಸಿಲಿಗೆ ಬೆಳ್ಳಗೆ, ತೂತಿನ ಒಳಗಿರೋದು ಮಾತ್ರ ಕಪ್ಪು. ಮತ್ತೆ ಇದೆಂತ, ಲೇಸಿನ ತುದಿ ಹೊರಗೆ ಬಿಟ್ಟಿದೀಯ? ಒಳಗೆ ಸಿಗಿಸು. ಯಾವ ಗ್ರಹ ಆದ್ರೂ ಬಯ್ಯೋಕೆ ಒಬ್ಬ ಹವಾಲ್ದಾರ್ ಇದ್ದೇ ಇರ್ತಾನೆ."

ಶರಾವತಿ ಮೇಲೆ ಬಂದು ಎಲ್ಲ ಮೊದಲಿನಿಂದ ಶುರುಮಾಡಿದಳು. ಸ್ಪಿರಿಟ್ಟಿನಿಂದ ಚರ್ಮದ ಎಣ್ಣೆ ತೆಗೆದು ಒಣಗಿಸಬೇಕು. ಸಾಗರದ ಜುಲೈನಲ್ಲಿ ಒಣಗುವುದೆಲ್ಲಿ? ಮನೆಯಲ್ಲಿ ಒಣ ಜಾಗ ಒಂದೇ: ಮಗುವಿನ ಬಟ್ಟೆ ಒಣಗಿಸಲೆಂದು ನಾನು ತರಿಸಿದ್ದ ಕರೆಂಟಿನ ಬಿಸಿಗಾಳಿ ಪೆಟ್ಟಿಗೆ. ಅವಳ ಕಣ್ಣು ಅದರ ಮೇಲೆ ಬಿದ್ದಿದ್ದು ಕಂಡು ನಾನು ಅಡ್ಡ ಬಂದು ನಿಂತೆ.

"ಸಾಧ್ಯನೇ ಇಲ್ಲ. ಮಗುವಿಗೆ ಅಲರ್ಜಿ ಆದರೆ? ಬೆಂಕಿ ಹತ್ತಿದರೆ?"

"ಸ್ಪಿರಿಟ್ ಪೂರ್ತಿ ಆರಿದ್ಮೇಲೇ ಇಡ್ತೀನಿ. ಪಾಪು ಬಟ್ಟೆನೆಲ್ಲ ದಿನಾ ನಾನೇ ಇಸ್ತ್ರಿ ಮಾಡಿ ಒಣಗಿಸಿಕೊಡ್ತೀನಿ. ಬರೋ ಕೆಲಸ ತಾನೆ."

ಯಾವ ಕೆಲಸಕ್ಕೆ ಹಿಂದಿರುಗಲು ಹೆದರಿದ್ದಳೋ ಅದನ್ನೇ ಮುಂದೆ ಚಾಚಿದಳು. ನನಗೆ ಇಲ್ಲ ಎನ್ನಲಾಗಲಿಲ್ಲ.

ಆಮೇಲೆ ಅಡ್ಡಹಲಗೆಯ ಈಚೆ ಮಗುವನ್ನೆತ್ತಿಕೊಂಡು ನಿಂತು ನೋಡುವುದೇ ನನ್ನ ಕೆಲಸವಾಯಿತು. ಒಂದೊಂದು ಜೊತೆಗೂ ಅವಳು ಒಬ್ಬೊಬ್ಬ ಮನುಷ್ಯನನ್ನು ಇಟ್ಟುಕೊಂಡಿದ್ದಳು. ಗಾಡಿ ಓಡಿಸುವವನ ಬಲಗಾಲಿನ ಅಟ್ಟೆ ಮಾತ್ರ ಸವೆದಿತ್ತು. ಮಂಡಿಯೂರಿ ಯಂತ್ರ ರಿಪೇರಿ ಮಾಡುವವನ ಬೂಟಿನ ಮೂತಿ ಬಿರಿದಿತ್ತು. ಪಹರೆಯವನದು ಹಿಮ್ಮಡಿ ತೇದಿತ್ತು. ಖಾಲಿ ಬೂಟುಗಳು ಗೋಡೆಗುಂಟ ನಿಂತಿದ್ದವು. ಅವುಗಳ ಮೇಲೆ ಅಷ್ಟೂ ಜನ ನಿಂತು ಉಸಿರಾಡುತ್ತಿರುವಂತೆ ಕಂಡಿತು. ದನಿ ತಗ್ಗಿಸಿಯೇ ಮಗುವಿಗೆ ತೋರಿಸಿದೆ.

ಪ್ರತಿಮಾ ಬಂದ ದಿನ ಮಾಸ್ತಪ್ಪನವರೂ ನೋಡೋಣವೆಂದು ಮೇಲೆ ಬಂದರು. ಪ್ರತಿಮಾ ಒಂದೊಂದೇ ಬೂಟು ತಿರುಗಿಸಿ, ಬೆಳಕಿಗೆ ಹಿಡಿದು ನೋಡುತ್ತಾ ಹೋದರು. ಶರಾವತಿ ಮುಂದಿನ ಜೊತೆಯನ್ನು ಎತ್ತಿ ಎತ್ತಿ ಕೊಡುತ್ತಿದ್ದಳು.

ಮಾಸ್ತಪ್ಪನವರು ಪಹರೆಯವನ ಬೂಟು ಎತ್ತಿಕೊಂಡರು. "ಹಾಕ್ಲಾ?" ಎಂದು ಸ್ಟೂಲಿನ ಮೇಲೆ ಕೂತರು. ಹಾಕಿಕೊಳ್ಳುವ ಮೊದಲು ಬೂಟನ್ನು ಬೋರಲು ಹಿಡಿದು, ಹಿಮ್ಮಡಿಯನ್ನು ಅಂಗೈಯಿಂದ ಪಟಪಟ ತಟ್ಟಿದರು. ಒಳಗಿನ ಮರಳು ಉದುರಲೆಂದು. ಏನೂ ಉದುರಲಿಲ್ಲ. ಅವರು ನೆಲ ನೋಡಿದರು, ಬೂಟು ನೋಡಿದರು.

"ಥೂ, ಎಂತ ಮಾಡ್ತಿದೀನಿ ನಾನು," ಎಂದರು.

ಪ್ರತಿಮಾ ಕೈಯಲ್ಲಿದ್ದ ಬೂಟನ್ನು ಕೆಳಗಿಟ್ಟರು. "ಉಳಿದದ್ದು ನೋಡೋದು ಬೇಡ," ಎಂದರು. "ಪ್ಯಾಕ್ ಮಾಡು ಶರಾವತಿ. ಸಮವಸ್ತ್ರಗಳನ್ನೂ ಸವೆಸೋಕೆ ನಿನಗೇ ಕಳಿಸ್ತೀನಿ."